ನೆರೆ ಬಂದಾಗ ಅಂಗಡಿ ಬೀಗ ಒಡೆದು ಹಾಲಿನ ಪುಡಿ ತಂದೆವು. ಅದು ಕಳ್ಳತನವಾ?

ಪ್ರಶ್ನೆ: ರಾಮದುರ್ಗ ಕಡೆಯವ

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು, ಮಲಪ್ರಭೆ ಊರೊಳಗೇ ಬಂದಳು. ಮೂವತ್ತಕ್ಕೂ ಜಾಸ್ತಿ ಜನ ಶಾಲೆಯ ಮಹಡಿ ಮೇಲೆ ಎರಡು ರಾತ್ರಿ ಕಳೆದೆವು. ಬಿಸಿಯೂಟದ ಅಕ್ಕಿ ಕೆಳಗಿನ ಕೋಣೆಯಲ್ಲೇ ನೆನೆದು ಹೋಗಿತ್ತು. ನಮ್ಮ ಜೊತೆ ಎರಡು ಕೂಸುಗಳಿದ್ದವು. ಒಂದರ ತಾಯಿಗೆ ಜ್ವರ, ಎದೆಹಾಲು ಬರುತ್ತಿರಲಿಲ್ಲ. ಅದು ಅತ್ತು ಅತ್ತು ಕೊನೆಗೆ ಅಳುವುದನ್ನೇ ನಿಲ್ಲಿಸಿತು. ಆಗ ನಮಗೆ ನಿಜವಾಗಿ ಹೆದರಿಕೆ ಆಯಿತು.

ಶಾಲೆ ಎದುರಿಗೇ ಕಿರಾಣಿ ಅಂಗಡಿ. ಅಂಗಡಿ ಕಾಕಾ ಹಿಂದಿನ ದಿನವೇ ಬೀಗ ಹಾಕಿ ತಂಗಿ ಊರಿಗೆ ಹೋಗಿದ್ದರು. ಫೋನ್ ಹತ್ತಲಿಲ್ಲ. ನಾವು ಮೂವರು ಸೊಂಟದ ಮಟ್ಟ ನೀರಿನಲ್ಲಿ ಹೋಗಿ ಹಾರೆಯಿಂದ ಬೀಗ ಮುರಿದೆವು. ಬಿಸಿಯೂಟದ ದೊಡ್ಡ ಪಾತ್ರೆ ತೇಲಿಸಿಕೊಂಡು ಹೋಗಿದ್ದೆವು, ಅದರಲ್ಲೇ ಎಲ್ಲ ತುಂಬಿಕೊಂಡು ಬಂದೆವು. ಹಾಲಿನ ಪುಡಿ ಎರಡು ಪೊಟ್ಟಣ, ಅವಲಕ್ಕಿ ನಾಲ್ಕು ಕಿಲೋ, ಬೆಲ್ಲ ಎರಡು ಕಿಲೋ, ಪಾರ್ಲೆ-ಜಿ, ಮೇಣದಬತ್ತಿ, ಕಡ್ಡಿಪೆಟ್ಟಿಗೆ. ಮೇಲೆ ಬಂದ ಕೂಡಲೇ ಕ್ಯಾಲೆಂಡರ್ ಹಾಳೆಯ ಹಿಂದೆ ಎಲ್ಲ ಬರೆದಿಟ್ಟೆ. ಲೆಕ್ಕ ಹಾಕಿದರೆ ಸುಮಾರು 860 ರೂಪಾಯಿ. ಗಲ್ಲಾ ಪೆಟ್ಟಿಗೆ ಮುಟ್ಟಲಿಲ್ಲ. ಆದರೆ ನಮ್ಮಲ್ಲೊಬ್ಬ ಎರಡು ಪ್ಯಾಕ್ ಸಿಗರೇಟ್ ಕಿಸೆಗೆ ಹಾಕಿಕೊಂಡ. ನಾನು ನೋಡಿದೆ, ಬೇಡ ಅನ್ನಲಿಲ್ಲ.

ಆ ರಾತ್ರಿ ನೀರು ಇನ್ನೂ ಏರಿತು. ಅಂಗಡಿಯಲ್ಲಿ ಉಳಿದದ್ದೆಲ್ಲ ಕೆಸರಾಯಿತು. ಕಾಕಾ ವಾಪಸ್ ಬಂದ ಮೇಲೆ ಚೀಟಿ ತೋರಿಸಿ ದುಡ್ಡು ಕೊಡಲು ಹೋದೆ. "ಇರ್ಲಿ ಬಿಡೋ ತಮ್ಮಾ, ಕೂಸು ಉಳಿದ್ವಲ್ಲ" ಅಂದರು, ದುಡ್ಡು ಮುಟ್ಟಲಿಲ್ಲ. ಆದರೆ ಅಂದಿನಿಂದ ನನ್ನ ಜೊತೆ ಮೊದಲಿನ ಹಾಗೆ ಮಾತಿಲ್ಲ. ಹೇಗೂ ನೀರು ಪಾಲಾಗುವ ಮಾಲು, ಅದಕ್ಕೆಂಥ ಸಾಲ ಅಂತ ಊರವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಬೀಗ ಮುರಿಯುವಾಗ ನೀರು ಅಷ್ಟು ಏರುತ್ತದೆ ಅಂತ ನಮಗೇನು ಗೊತ್ತಿತ್ತು?

ಉತ್ತರ: ಧಾರವಾಡದ ವಕೀಲೆ

ಕಾನೂನಿನ ಪ್ರಕಾರ ಕಳ್ಳತನ ಅನ್ನಬೇಕಾದರೆ ಅಪ್ರಾಮಾಣಿಕ ಉದ್ದೇಶ ಇರಬೇಕು. ನೀವು ಚೀಟಿ ಬರೆದಿಟ್ಟಿದ್ದೀರಿ, ಅದೇ ನಿಮ್ಮ ಉದ್ದೇಶ ಏನಿತ್ತು ಅಂತ ಹೇಳುತ್ತದೆ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 81ನೇ ಕಲಂ, ದೊಡ್ಡ ಹಾನಿ ತಪ್ಪಿಸಲು ಒಳ್ಳೆಯ ಮನಸ್ಸಿನಿಂದ ಮಾಡಿದ ಚಿಕ್ಕ ಹಾನಿ ಅಪರಾಧವಲ್ಲ ಎನ್ನುತ್ತದೆ. ಬೆಂಕಿ ಹರಡದಿರಲಿ ಅಂತ ಪಕ್ಕದ ಮನೆ ಕೆಡವುವ ಉದಾಹರಣೆ ಅಲ್ಲೇ ಇದೆ. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ. ಸಿಗರೇಟಿಗೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ.

ಇನ್ನೊಂದು ವಿಷಯ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಅಧಿಕಾರಿಗಳು ಜನರ ಕಟ್ಟಡ, ವಾಹನ ವಶಕ್ಕೆ ತೆಗೆದುಕೊಳ್ಳಬಹುದು. ಆದರೆ ಅದರ ಮರುಕಲಮೇ ಪರಿಹಾರ ಕೊಡಬೇಕು ಅನ್ನುತ್ತದೆ. ತೆಗೆದುಕೊಳ್ಳುವುದು ಸರಿ ಅಂದ ಮಾತ್ರಕ್ಕೆ ಕೊಡುವುದು ತಪ್ಪುವುದಿಲ್ಲ. ಊರವರಿಗೆ ಇದನ್ನು ಹೇಳಿ.

ಉತ್ತರ: ನಿವೃತ್ತ ಕನ್ನಡ ಮೇಷ್ಟ್ರು

ಮಹಾಭಾರತದ ಶಾಂತಿಪರ್ವದಲ್ಲಿ ಹನ್ನೆರಡು ವರ್ಷ ಮಳೆ ಇಲ್ಲದಾಗ ವಿಶ್ವಾಮಿತ್ರ ರಾತ್ರಿ ಒಬ್ಬ ಚಾಂಡಾಲನ ಗುಡಿಸಲಿಗೆ ನುಗ್ಗಿ ನಾಯಿ ಮಾಂಸ ತೆಗೆಯುತ್ತಾನೆ. ಆಪದ್ಧರ್ಮ ಅಂತ ಎಲ್ಲರೂ ಇದೇ ಕಥೆ ಹೇಳುತ್ತಾರೆ. ಆದರೆ ಆ ಮನೆಯವನು ಎದ್ದು ಕೂತು ಋಷಿಯ ಜೊತೆ ತುಂಬಾ ಹೊತ್ತು ವಾದ ಮಾಡುತ್ತಾನೆ, ಅದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಅಂಗಡಿಯವರಿಗೆ ಮಾತಾಡಲು ಅವಕಾಶ ಸಿಕ್ಕಿತಾ? ನೀವು ಚೀಟಿ ತೋರಿಸಿದಿರಿ, ಅವರು ಇರಲಿ ಅಂದರು, ಅಷ್ಟೇ ಅಲ್ವಾ?

ಉತ್ತರ: ಮಾನ್ವಿ ತಾಲೂಕಿನ ಕಿರಾಣಿ ಅಂಗಡಿಯವ

2009ರಲ್ಲಿ ತುಂಗಭದ್ರೆ ಬಂದಾಗ ನನ್ನ ಅಂಗಡಿಯ ಬಾಗಿಲೂ ಮುರಿದಿದ್ದರು. ಹಸಿದವರು ಅಕ್ಕಿ ಒಯ್ದರು, ಅದಕ್ಕೆ ನನಗೆ ಒಂದು ದಿನವೂ ಬೇಜಾರಾಗಿಲ್ಲ. ನಾನೇ ಅಲ್ಲಿದ್ದರೆ ನಾನೇ ಕೊಡುತ್ತಿದ್ದೆ.

ನನಗೆ ನೋವಾದದ್ದು ಉದ್ರಿ ಪುಸ್ತಕದ ವಿಷಯಕ್ಕೆ. ಉದ್ದನೆಯ ಕೆಂಪು ಪುಸ್ತಕ, ನೀರಿನಲ್ಲಿ ನೆನೆದು ಮುದ್ದೆಯಾಗಿತ್ತು. ಒಂದೊಂದೇ ಹಾಳೆ ಬಿಡಿಸಿ ಬಿಸಿಲಿಗೆ ಹರಡಿದೆ. ಶಾಯಿ ಎಲ್ಲ ಕದಡಿ ನೀಲಿ ಕಲೆ ಅಷ್ಟೇ ಉಳಿದಿತ್ತು. ಅದರಲ್ಲಿ ಅರ್ಧ ಊರಿನ ಬಾಕಿ ಇತ್ತು. ಪುಸ್ತಕ ಹೋಯಿತು ಅಂತ ಗೊತ್ತಾದ ಮೇಲೆ ತಾನಾಗಿ ಬಂದು ನನ್ನದು ಇಷ್ಟಿತ್ತು ಅಂದವರು ಮೂರೇ ಜನ. ಉಳಿದವರು ದಿನಾ ಎದುರಿಗೆ ಓಡಾಡುತ್ತಿದ್ದರು. ಬೀಗ ಮುರಿದವರನ್ನು ಮರೆತೆ ತಮ್ಮಾ, ಇವರನ್ನು ಮರೆಯಲು ಆಗಿಲ್ಲ. ನಿಮ್ಮ ಕಾಕಾನ ಪುಸ್ತಕ ಏನಾಯಿತು, ಕೇಳಿದ್ದೀಯಾ?

ರಾಮದುರ್ಗ ಕಡೆಯವ

ಕೇಳಿರಲಿಲ್ಲ ಅಣ್ಣಾ. ನಿಮ್ಮ ಉತ್ತರ ಓದಿ ಸುಮ್ನೆ ಕೂತುಬಿಟ್ಟೆ. ಆ ಪುಸ್ತಕದಲ್ಲಿ ನಮ್ಮ ಮನೆಯ ಉದ್ರಿಯೂ ಇತ್ತು. ರಾತ್ರಿ ಅವ್ವನನ್ನು ಕೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ "ಸಾವಿರದ ಮುನ್ನೂರ ನಲವತ್ತು" ಅಂದಳು. ಯೋಚನೆ ಕೂಡ ಮಾಡಲಿಲ್ಲ. ಇಷ್ಟು ವರ್ಷ ಅವಳಿಗೂ ನೆನಪಿತ್ತು.

860 ರೂಪಾಯಿಯ ಚೀಟಿ ಹಿಡಿದು ನಾನು ದೊಡ್ಡ ಪ್ರಾಮಾಣಿಕ ಅಂದುಕೊಂಡು ಹೋಗಿದ್ದೆ. ಆ ದಿನ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಇನ್ನೇನಾದರೂ ಹೇಳುತ್ತಾನಾ ಅಂತ ಇರಬೇಕು.

ಭಾನುವಾರ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ. ಉದ್ರಿ, ಬೀಗ, ಮಾಲು ಎಲ್ಲ ಸೇರಿಸಿ. ಸಿಗರೇಟ್ ತೆಗೆದುಕೊಂಡವನಿಗೂ ಫೋನ್ ಮಾಡಿದ್ದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಎಷ್ಟು ಗಂಟೆಗೆ ಬರಲಿ ಅಂತ ಕೇಳಿದ.