ಬೈಪಾಸ್ ಮಷೀನಿನಲ್ಲಿ ಗಾಳಿ ಗುಳ್ಳೆ ಬಂದರೆ?

ಪ್ರಶ್ನೆ: ನಮಸ್ಕಾರ ಸರ್. ಮುಂದಿನ ವಾರ ಅಮ್ಮನಿಗೆ ಹೃದಯದ ಮೈಟ್ರಲ್ ವಾಲ್ವ್ ಬದಲಿಸುವ ಆಪರೇಷನ್ ಇದೆ. ಸಹಿ ಹಾಕಿಸಿಕೊಳ್ಳುವಾಗ ಡಾಕ್ಟರು ರಕ್ತದಲ್ಲಿ ಗಾಳಿ ಗುಳ್ಳೆ ಸೇರುವ ಅಪಾಯವೂ ಇದೆ ಅಂದರು. ಆವತ್ತಿನಿಂದ ನಿದ್ದೆ ಇಲ್ಲ. ಡ್ರಿಪ್ ಟ್ಯೂಬಿನಲ್ಲಿ ಸಣ್ಣ ಗುಳ್ಳೆ ಇದ್ದರೆ ಏನೂ ಆಗಲ್ಲ ಅಂತಾರೆ ಅಲ್ವಾ, ಹಾಗಾದರೆ ಇಲ್ಲಿ ಯಾಕೆ ಭಯ?

ಉತ್ತರ: ನಾನು ಪರ್ಫ್ಯೂಷನಿಸ್ಟ್, ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಬೈಪಾಸ್ ಮಷೀನು ನಡೆಸುವುದೇ ನನ್ನ ಕೆಲಸ. ಡ್ರಿಪ್ಪಿನ ಗುಳ್ಳೆ ಮೊದಲು ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಸೋಸಿ ಹೋಗುತ್ತದೆ. ನಮ್ಮ ಮಷೀನು ರಕ್ತವನ್ನು ನೇರವಾಗಿ ಮಹಾಧಮನಿಗೆ ಕಳಿಸುತ್ತದೆ, ನಡುವೆ ಆ ಜರಡಿ ಇಲ್ಲ. ಅಲ್ಲಿಂದ ಗುಳ್ಳೆ ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು ಆಗಬಹುದು.

ಅದಕ್ಕೇ ರಿಸರ್ವಾಯರಿನಲ್ಲಿ, ಅಂದರೆ ಮಷೀನಿನಲ್ಲಿ ರಕ್ತ ತುಂಬಿಕೊಳ್ಳುವ ತೊಟ್ಟಿಯಲ್ಲಿ, ರಕ್ತದ ಮಟ್ಟ ಇಳಿಯದಂತೆ ಕಣ್ಣಿಟ್ಟು ಕೂರುತ್ತೇವೆ, ಇಳಿದರೆ ಅಲಾರಂ ಹೊಡೆಯುತ್ತದೆ. ಗುಳ್ಳೆ ಹಿಡಿಯುವ ಸೆನ್ಸರ್ ಇದೆ, ಸುಮಾರು 40 ಮೈಕ್ರಾನಿನ ಫಿಲ್ಟರ್ ಇದೆ, ಅಂದರೆ ಕೂದಲೆಳೆಗಿಂತ ಸಣ್ಣ ಕಣ್ಣು. ಆಪರೇಷನ್ನಿಗಾಗಿ ತಣ್ಣಗೆ ಮಾಡಿದ ರಕ್ತವನ್ನು ಗಡಿಬಿಡಿಯಲ್ಲಿ ಬಿಸಿ ಮಾಡುವಂತಿಲ್ಲ. ಬಿಸಿಲಲ್ಲಿಟ್ಟ ಸೋಡಾ ಬಾಟಲಿ ತೆಗೆದರೆ ಹೇಗೆ ಉಕ್ಕುತ್ತದೆ ನೋಡಿ, ರಕ್ತದಲ್ಲಿ ಕರಗಿದ ಅನಿಲವೂ ಬಿಸಿಯಾದಾಗ ಹಾಗೇ ಹೊರಬರುತ್ತದೆ.

ಆದರೆ ವಾಲ್ವ್ ಆಪರೇಷನ್ನಿನಲ್ಲಿ ನನಗೆ ಜಾಸ್ತಿ ಆತಂಕ ಮಷೀನಿನದ್ದಲ್ಲ, ತೆರೆದ ಹೃದಯದ್ದು. ವಾಲ್ವ್ ಕೂರಿಸಲು ಎಡಭಾಗ ಬಿಡಿಸಿದಾಗ ಗಾಳಿ ಒಳಗೆ ಬಂದೇ ಬರುತ್ತದೆ. ಎಷ್ಟೋ ಕಡೆ ಎದೆಯೊಳಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ, ಅದು ಗಾಳಿಗಿಂತ ಭಾರ, ರಕ್ತದಲ್ಲಿ ಬೇಗ ಕರಗುತ್ತದೆ. ಹೊಲಿಗೆ ಮುಗಿಯುವ ಹೊತ್ತಿಗೆ ತಲೆಭಾಗ ತಗ್ಗಿಸಿ, ಶ್ವಾಸಕೋಶ ಉಬ್ಬಿಸಿ, ಮೂಲೆಯಲ್ಲಿ ಅಡಗಿದ ಗಾಳಿಯನ್ನು ಹೊರದೂಡಿ, ಮಹಾಧಮನಿಗೆ ಹಾಕಿದ ಸಣ್ಣ ನಳಿಕೆಯಿಂದ ಎಳೆದು ತೆಗೆಯುತ್ತಾರೆ. ಅನ್ನನಾಳದಲ್ಲಿ ಇಳಿಸಿದ ಎಕೋದಲ್ಲಿ (ಹೃದಯದ ಸ್ಕ್ಯಾನಿನಲ್ಲಿ) ಗುಳ್ಳೆಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಅವು ಕಡಿಮೆಯಾಗುವವರೆಗೂ ಯಾರೂ ಅವಸರ ಮಾಡಬಾರದು.

ಪ್ರಶ್ನೆ: ಅಷ್ಟೆಲ್ಲ ಮಾಡಿದರೂ ಗಾಳಿ ರಕ್ತಕ್ಕೆ ಹೋಗಿಬಿಟ್ಟರೆ ಸರ್?

ಉತ್ತರ: ಸುಮ್ನೆ ಸಮಾಧಾನ ಹೇಳಲ್ಲ. ತೀರಾ ಸಣ್ಣ ಗುಳ್ಳೆಗಳನ್ನು ಪೂರ್ತಿ ತಡೆಯಲು ಆಗಲ್ಲ, ಹೆಚ್ಚಿನವು ತೊಂದರೆ ಕೊಡದೆ ಕರಗುತ್ತವೆ. ಮಲಗಿದಾಗ ಬಲ ಕೊರೊನರಿಯ, ಅಂದರೆ ಹೃದಯಕ್ಕೇ ರಕ್ತ ಕೊಡುವ ಬಲಗಡೆಯ ನಾಳದ, ಬಾಯಿ ಮೇಲಕ್ಕಿರುತ್ತದೆ, ಹಾಗಾಗಿ ಕೆಲವೊಮ್ಮೆ ಗಾಳಿ ಅಲ್ಲಿ ಸೇರಿ ಇಸಿಜಿ ಏರುಪೇರಾಗುತ್ತದೆ. ಬಿಪಿ ಸ್ವಲ್ಪ ಏರಿಸಿ, ಮಷೀನಿನ ಆಸರೆ ಇನ್ನಷ್ಟು ಹೊತ್ತು ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ದೊಡ್ಡ ಪ್ರಮಾಣದ ಗಾಳಿ ಹೋಗುವುದು ಅಪರೂಪ. ಹೋದರೆ ಆ ಕ್ಷಣವೇ ಪಂಪ್ ನಿಲ್ಲಿಸಿ, ತಲೆ ತಗ್ಗಿಸಿ, ಮೇಲಿನ ದೊಡ್ಡ ಸಿರೆಯಿಂದ ರಕ್ತವನ್ನು ಹಿಮ್ಮುಖವಾಗಿ ಕಳಿಸಿ ಮೆದುಳಿನ ಗಾಳಿ ತೊಳೆಯುತ್ತಾರೆ. ನನ್ನ ಕೈಯಲ್ಲಿ ಒಮ್ಮೆ ಸೆನ್ಸರ್ ಕೂಗಿ ಪಂಪ್ ತಾನಾಗಿ ನಿಂತಿತ್ತು. ಗುಳ್ಳೆ ರೋಗಿಯವರೆಗೆ ಹೋಗಿರಲಿಲ್ಲ, ಆದರೂ ಆ ಒಂದು ನಿಮಿಷ ಇನ್ನೂ ಮರೆತಿಲ್ಲ.

ಅಮ್ಮನಿಗೆ ಮೊದಲೇ ಪಾರ್ಶ್ವವಾಯು ಆಗಿದ್ದರೆ ಅರಿವಳಿಕೆ ಡಾಕ್ಟರಿಗೆ ಈಗಲೇ ತಿಳಿಸಿ. ಐಸಿಯುನಲ್ಲಿ ಎಚ್ಚರವಾದಾಗ ಕೈ ಹಿಸುಕಿ, ಕಾಲು ಆಡಿಸಿ ಅಂತ ಕೇಳುತ್ತಾರೆ. ಎರಡೂ ಕಡೆ ಸಮವಾಗಿ ಆಡಿಸಿದರಾ ಅಂತ ಸಿಸ್ಟರನ್ನು ಕೇಳಿಕೊಳ್ಳಿ, ಸಂಕೋಚ ಬೇಡ.