ನೇಂದ್ರವೂ ರಸಬಾಳೆಯೂ ಒಂದೇ ಗುಂಪೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಹಿತ್ತಲಿನಲ್ಲಿ ಏಲಕ್ಕಿ ಬಾಳೆ, ರಸಬಾಳೆ, ನೇಂದ್ರ ಮೂರೂ ಇವೆ. ಮಗಳು ಕಾಲೇಜಿನ ಸಸ್ಯಸಂಗ್ರಹದಲ್ಲಿ ರಸಬಾಳೆಗೆ ‘ಮ್ಯೂಸಾ ಸೇಪಿಯೆಂಟಮ್’, ನೇಂದ್ರಕ್ಕೆ ‘ಮ್ಯೂಸಾ ಪ್ಯಾರಡಿಸಿಯಾಕ’ ಎಂದು ಬರೆದಿದ್ದಾಳೆ. ಕಂದು ತಂದ ನರ್ಸರಿಯ ಚೀಟಿಯಲ್ಲಿ ಮಾತ್ರ ಎರಡಕ್ಕೂ ‘ಎಎಬಿ’ ಎಂದೇ ಇದೆ. ಒಂದನ್ನು ಹಣ್ಣಾಗಿ ತಿನ್ನುತ್ತೇವೆ, ಇನ್ನೊಂದರಿಂದ ಚಿಪ್ಸ್ ಕರಿಯುತ್ತೇವೆ. ಎರಡೂ ಒಂದೇ ಹೇಗಾದೀತು?

ಉತ್ತರ: ಚೀಟಿ ಸರಿಯಾಗಿದೆ ಮೇಡಂ. ಮಗಳನ್ನೂ ದೂರಬೇಡಿ, ಹಳೆಯ ಪುಸ್ತಕಗಳಲ್ಲಿ ಹಾಗೆಯೇ ಇದೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಬೇಯಿಸುವ ಬಾಳೆಗೆ ಪ್ಯಾರಡಿಸಿಯಾಕ ಎಂದೂ 1759ರಲ್ಲಿ ಹಣ್ಣಿನ ಬಾಳೆಗೆ ಸೇಪಿಯೆಂಟಮ್ ಎಂದೂ ಹೆಸರಿಟ್ಟನು. ಅವೆರಡೂ ಸ್ವತಂತ್ರ ಪ್ರಭೇದಗಳಲ್ಲ, ಮಿಶ್ರತಳಿಗಳು ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು. ಅವನ ಸೇಪಿಯೆಂಟಮ್ ಇಂದಿನ ‘ಸಿಲ್ಕ್’ ಉಪಗುಂಪಿನದು, ಅಂದರೆ ನಮ್ಮ ರಸಬಾಳೆಯ ಬಳಗದ್ದು. ಪ್ಯಾರಡಿಸಿಯಾಕ ‘ಪ್ಲಾಂಟೇನ್’ ಉಪಗುಂಪಿನದು, ಅಂದರೆ ನೇಂದ್ರದ ಬಳಗದ್ದು. ಆ ಎರಡು ಹೆಸರುಗಳ ಬಾಳೆ ನಿಮ್ಮ ಹಿತ್ತಲಿನಲ್ಲೇ ಅಕ್ಕಪಕ್ಕ ನಿಂತಿವೆ!

ನಾವು ಬೆಳೆಯುವ ಬಾಳೆಗಳಲ್ಲಿ ಬಹುತೇಕ ಎಲ್ಲಕ್ಕೂ ಎರಡೇ ಕಾಡುಮೂಲಗಳು: ಮ್ಯೂಸಾ ಅಕ್ಯುಮಿನೇಟ (ಎ) ಮತ್ತು ಮ್ಯೂಸಾ ಬಾಲ್ಬಿಸಿಯಾನ (ಬಿ). ಒಂದೊಂದು ಅಕ್ಷರವೂ ಹನ್ನೊಂದು ವರ್ಣತಂತುಗಳ (ಕ್ರೋಮೋಸೋಮ್, ವಂಶಗುಣ ಹೊತ್ತ ಎಳೆಗಳು) ಒಂದು ಕಟ್ಟು. ಪಚ್ಚಬಾಳೆ ಎಎಎ, 33 ವರ್ಣತಂತುಗಳು. ಏಲಕ್ಕಿ ಬಾಳೆ ಎಬಿ, 22 ಮಾತ್ರ. ರಸಬಾಳೆ, ನೇಂದ್ರ ಎರಡೂ ಎಎಬಿ, ಅಂದರೆ ಎರಡು ಕಟ್ಟು ಎ, ಒಂದು ಕಟ್ಟು ಬಿ. ಅಕ್ಷರಗಳು ವಂಶವನ್ನು ಹೇಳುತ್ತವೆ, ರುಚಿಯನ್ನಲ್ಲ. ನೇಂದ್ರ ಹಣ್ಣಾದ ಮೇಲೂ ಅದರಲ್ಲಿ ಸಾಕಷ್ಟು ಪಿಷ್ಟ ಉಳಿದಿರುತ್ತದೆ, ಅದಕ್ಕೇ ಬೇಯಿಸಿದರೆ ಅಷ್ಟು ಚೆನ್ನ. ‘ತರಕಾರಿ ಬಾಳೆ’, ‘ಹಣ್ಣಿನ ಬಾಳೆ’ ಎಂಬ ಭೇದ ಅಡುಗೆಮನೆಯದು, ಸಸ್ಯಶಾಸ್ತ್ರದ್ದಲ್ಲ. ಮಗಳು ‘ಮ್ಯೂಸಾ, ಎಎಬಿ ಗುಂಪು, ಪ್ಲಾಂಟೇನ್ ಉಪಗುಂಪು, ನೇಂದ್ರ’ ಎಂದು ಬರೆಯಲಿ. ‘ನೇಂದ್ರ’ ಎಂಬ ರೂಢಿಯ ಹೆಸರನ್ನು ಬಿಡಲೇಬಾರದು. ಒಂದು ತಳಿಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವುದು ಅದೊಂದೇ.

ಪ್ರಶ್ನೆ: ಪ್ರಯೋಗಾಲಯವಿಲ್ಲದೆ ಈ ಎ, ಬಿ ಗುರುತಿಸಲು ಸಾಧ್ಯವೇ ಸರ್?

ಉತ್ತರ: ಬಹುಮಟ್ಟಿಗೆ ಸಾಧ್ಯ. ಬಾಳೆ ಸಂಶೋಧಕರಾದ ಸಿಮಂಡ್ಸ್ ಮತ್ತು ಶೆಫರ್ಡ್ 1955ರಲ್ಲಿ ಹದಿನೈದು ಲಕ್ಷಣಗಳಿಗೆ ಅಂಕ ಕೊಡುವ ಕ್ರಮ ತಂದರು. ಶುದ್ಧ ಅಕ್ಯುಮಿನೇಟಕ್ಕೆ 15, ಶುದ್ಧ ಬಾಲ್ಬಿಸಿಯಾನಕ್ಕೆ 75, ಮಿಶ್ರತಳಿಗಳು ಇವುಗಳ ನಡುವೆ. ಮೊದಲು ಎಲೆಯ ತೊಟ್ಟಿನ ಮೇಲಿರುವ ಕಾಲುವೆಯನ್ನು ನೋಡಿ. ಅಂಚುಗಳು ಅಗಲವಾಗಿ ತೆರೆದುಕೊಂಡಿದ್ದರೆ ಎ ಕಡೆಗೆ, ಒಳಕ್ಕೆ ಮಡಚಿ ಮುಚ್ಚಿಕೊಂಡಿದ್ದರೆ ಬಿ ಕಡೆಗೆ. ಕಾಂಡದ ಮೇಲೆ ಕಂದು ಕಪ್ಪು ಮಚ್ಚೆ ಹೆಚ್ಚಿದ್ದರೆ ಎ. ಬಾಳೆ ಹೂವಿನ ಕೆಂಪು ಪದರ ತೆರೆದ ಮೇಲೆ ಹಿಂದಕ್ಕೆ ಸುರುಳಿಯಾದರೆ ಎ, ಸುರುಳಿಯಾಗದೆ ಬರೀ ಮೇಲೆದ್ದು ನಿಂತರೆ ಬಿ. ಒಂದೇ ಲಕ್ಷಣವನ್ನು ನಂಬಿ ತೀರ್ಮಾನಕ್ಕೆ ಬರಬೇಡಿ.

ಅಂದ ಹಾಗೆ, ‘ಕಾಂಡ’ ಎಂದೆನಲ್ಲ, ಅದು ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಹೂಬಿಡುವ ಹೊತ್ತಿಗೆ ಅದು ನಡುವಿನಿಂದ ಮೇಲೆ ಚಿಮ್ಮುತ್ತದೆ. ನಾವು ಪಲ್ಯ ಮಾಡುವ ದಿಂಡು ಅದೇ.

ಪ್ರಶ್ನೆ: ಘಟ್ಟದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಕಾಣುವ ಕಲ್ಲುಬಾಳೆ ಎ ಗುಂಪೇ, ಬಿ ಗುಂಪೇ?

ಉತ್ತರ: ಎರಡೂ ಅಲ್ಲ, ಕುಲವೇ ಬೇರೆ. ಅದು ಎನ್ಸೆಟೆ ಸುಪರ್ಬಮ್, ಬಾಳೆಯ ಕುಟುಂಬದ್ದೇ ಆದರೂ ಮ್ಯೂಸಾ ಅಲ್ಲ. ಬುಡ ದಪ್ಪ, ಕಾಯಿಯ ತುಂಬ ಗಟ್ಟಿ ಕಪ್ಪು ಬೀಜ. ಬೇಸಿಗೆಯಲ್ಲಿ ಎಲೆ ಒಣಗಿ ಗೆಡ್ಡೆ ಮಾತ್ರ ಉಳಿಯುತ್ತದೆ, ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಹಿತ್ತಲಿನ ಬಾಳೆಯಂತೆ ಬುಡದಲ್ಲಿ ಕಂದು ಹಾಕುವುದಿಲ್ಲ. ಹಲವು ವರ್ಷ ಬೆಳೆದು ಒಮ್ಮೆ ಹೂಬಿಟ್ಟು ಸಾಯುತ್ತದೆ. ಹಾಗಾಗಿ ಔಷಧಿಗೆಂದು ಬೀಜಕ್ಕಾಗಿ ಗೊನೆಯನ್ನೇ ಕಡಿದೊಯ್ದರೆ ಆ ಬಂಡೆಯ ಮೇಲೆ ಮುಂದಿನ ಗಿಡ ಹುಟ್ಟುವ ದಾರಿಯೇ ಇರುವುದಿಲ್ಲ.