ಸಹಾಯ ಬೇಕು: ಜರಿಗಿಡದ ಟ್ಯಾಗ್‌ನಲ್ಲಿ ಎಂಬಾಸಿಂಗ್ ಪುಡಿ ಎಲ್ಲೆಂದರಲ್ಲಿ ಅಂಟುತ್ತಿದೆ

ಎಲ್ಲರಿಗೂ ನಮಸ್ಕಾರ. 300 ಜಿಎಸ್‌ಎಂ ವಾಟರ್‌ಕಲರ್ ಕಾಗದದ ನುಣುಪು ಬದಿಯಲ್ಲಿ 6×12 ಸೆಂ.ಮೀ. ಟ್ಯಾಗ್ ಮಾಡುತ್ತಿದ್ದೇನೆ. ಹಿನ್ನೆಲೆಗೆ ಎರಡು ಹಸಿರು ಡಿಸ್ಟ್ರೆಸ್ ಇಂಕ್ (ನೀರು ಆಧಾರಿತ ಸ್ಟಾಂಪ್ ಇಂಕ್) ತೀಡಿ, ಮೇಲೆ ಜರಿಗಿಡದ ಸ್ಟಾಂಪನ್ನು ಪಾರದರ್ಶಕ ಎಂಬಾಸಿಂಗ್ ಇಂಕಿನಲ್ಲಿ ಒತ್ತಿ, ಬಿಸಿಗೆ ಕರಗಿ ಗೆರೆಯನ್ನು ಉಬ್ಬಿಸುವ ಚಿನ್ನದ ಬಣ್ಣದ ಎಂಬಾಸಿಂಗ್ ಪುಡಿ ಹಾಕಿ ಹೀಟ್ ಗನ್ (ಬಿಸಿಗಾಳಿ ಊದುವ ಸಾಧನ) ಹಿಡಿಯುತ್ತೇನೆ.

ಪುಡಿ ಎಲೆಯ ಆಚೆಗೂ ಅಂಟುತ್ತಿದೆ. ಟ್ಯಾಗ್ ಮಗುಚಿ ಹಿಂದಿನಿಂದ ಬೆರಳಲ್ಲಿ ತಟ್ಟಿದರೂ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು ಉಳಿಯುತ್ತವೆ. ಡಿಸ್ಟ್ರೆಸ್ ಇಂಕ್ ನಿಧಾನಕ್ಕೆ ಒಣಗುವಂಥದ್ದು, ಮಳೆಗಾಲದಲ್ಲಿ ಕಾಗದವೂ ತೇವ ಹೀರಿರುತ್ತದೆ. ಅದಕ್ಕೇ ಮೊದಲು ಗನ್ನಿನಲ್ಲಿ ಒಣಗಿಸಿ, ಬಿಸಿ ಆರಿದ ಮೇಲೆ ಆಂಟಿ-ಸ್ಟಾಟಿಕ್ ಪೌಚ್ (ಪುಡಿ ಬೇಡದ ಕಡೆ ಅಂಟದಂತೆ ಸವರುವ ಸಣ್ಣ ಚೀಲ) ಸವರುತ್ತೇನೆ. ಚುಕ್ಕಿ ಕಡಿಮೆಯಾಗಿವೆ, ಪೂರ್ತಿ ಹೋಗಿಲ್ಲ.

ಇನ್ನೊಂದು, ಎಲೆಯ ನರಗಳು ಕೂಡಿಕೊಂಡು ಪಟ್ಟಿಯಾಗುತ್ತಿವೆ. ಇರುವುದು ಸಾಧಾರಣ ಪುಡಿ. ಸೂಪರ್‌ಫೈನ್ ಪುಡಿಗೆ ಬದಲಾಯಿಸಿದರೆ ಸಾಕೇ, ಇಂಕನ್ನೂ ತೆಳುವಾಗಿ ಹಚ್ಚಬೇಕೇ? ಗನ್ ಹೆಚ್ಚು ಹೊತ್ತು ಹಿಡಿದರೆ ಪುಡಿ ಕಾಗದದೊಳಗೆ ಇಳಿದು ಹೊಳಪು ಹೋಗುತ್ತದೆ, ಹಾಗಾಗಿ ಕರಗಿದ ಕೂಡಲೇ ಸರಿಸುತ್ತೇನೆ.

ಮೊದಲು ಬಿಳಿ ಕಾಗದದ ಮೇಲೇ ಎಂಬಾಸ್ ಮಾಡಿ, ಆಮೇಲೆ ಇಂಕ್ ತೀಡಿ, ಉಬ್ಬಿದ ಗೆರೆ ಒರೆಸುವ ಕ್ರಮವೂ ಇದೆ. ಆದರೆ ಅಷ್ಟು ಸಣ್ಣ ನರಗಳ ನಡುವೆ ಬಣ್ಣ ಸಮನಾಗಿ ಇಳಿಯುವುದು ಕಷ್ಟ. ಹಾಗೆ ಮಾಡುವವರು ಸ್ಪಾಂಜ್ ಬಳಸುತ್ತೀರೋ, ಬ್ಲೆಂಡಿಂಗ್ ಬ್ರಷ್ಷೋ? ಸಾಧ್ಯವಾದರೆ ನಿಮ್ಮ ಟ್ಯಾಗಿನ ಫೋಟೊ ಹಾಕಿ ತಿಳಿಸಿ.